ಫೋಲ್ಕೆ ಕಟ್ಟಿದ ಬಾವುಟಗಳು

ಹೆಲ್ಲೆಬೋ
ಭಾನುವಾರ, ಮೇ 8

ಪ್ರಿಯ ಹೋಕನ್,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನೀನು ಒಡೆದಿರುವುದಿಲ್ಲ. ಮೇಜಿನ ಮೇಲೆ ಮಗುಚಿ ಇಟ್ಟು, ಕಾಫಿ ಕುಡಿದು, ಇನ್ನೇನೋ ಕೆಲಸ ಹುಡುಕಿಕೊಂಡು, ಕೊನೆಗೆ ಬೇರೆ ದಾರಿಯಿಲ್ಲದೆ ಒಡೆದಿರುತ್ತೀಯ. ಹೆದರಬೇಡ. ಮನೆಯ ವಿಷಯವಲ್ಲ, ವಿಚ್ಛೇದನದ ವಕೀಲರ ವಿಷಯವೂ ಅಲ್ಲ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು ‘ಸರಿ, ಸರಿ’ ಅನ್ನುತ್ತೀಯ, ಇನ್ನರ್ಧ ನನ್ನ ಬಾಯಲ್ಲೇ ಉಳಿದುಹೋಗುತ್ತದೆ. ಇದನ್ನು ಪೂರ್ತಿ ಹೇಳಬೇಕು. ಅದಕ್ಕೇ ಕಾಗದ.

ನಾನು ಚೆನ್ನಾಗಿದ್ದೇನೆ. ಹಿಮ ಕರಗಿ ಕಾಡು ತೆರೆದುಕೊಂಡಿದೆ, ಜೌಗುಗಳ ತುಂಬ ನೀರು. ಇವತ್ತು ಜಿಲ್ಲಾ ರಿಲೇ. ನಲವತ್ತು ದಾಟಿದ ಹೆಂಗಸರ ತಂಡದಲ್ಲಿ ಮೊದಲ ಓಟ ನನಗೆ ಕೊಟ್ಟಿದ್ದರು, ಚಳಿಗಾಲವಿಡೀ ಅದಕ್ಕಾಗಿಯೇ ಓಡಿದ್ದೆ. ಕಳೆದ ವಾರವನ್ನು ಒಂದು ಕಡೆಯಿಂದ ಹೇಳುತ್ತೇನೆ. ಆಗ ಇವತ್ತು ನಾನು ಅಲ್ಲಿರದೆ ಅಡುಗೆಮನೆಯಲ್ಲಿ ಕೂತು ನಿನಗೆ ಬರೆಯುತ್ತಿರುವುದು ಏಕೆಂದು ತಿಳಿಯುತ್ತದೆ.

ಸೋಮವಾರ ಕೆರೆಯ ಸುತ್ತ ನಿಧಾನಕ್ಕೆ ಓಡಿದೆ. ಎಡಗಾಲಿನ ಮೀನಖಂಡದಲ್ಲಿ ಒಂದು ಹಿಡಿತ ಶುರುವಾಯಿತು. ದೊಡ್ಡದೇನಲ್ಲ, ಯಾರೋ ಒಳಗಿನಿಂದ ಹೆಬ್ಬೆರಳು ಒತ್ತಿ ಹಿಡಿದಂತೆ. ಮೊದಲಾದರೆ ಮನೆಗೆ ಬಂದು ಸೋಫಾದ ಮೇಲೆ ಕಾಲು ಚಾಚಿ ನಿನಗೆ ಹೇಳುತ್ತಿದ್ದೆ. ನೀನು ಪೇಪರಿನಿಂದ ಕಣ್ಣೆತ್ತದೆ ‘ಐಸ್ ಇಡು’ ಅನ್ನುತ್ತಿದ್ದೆ. ಅಷ್ಟು ಹೇಳುವವರೂ ಇಲ್ಲದಿದ್ದರೆ ನೋವು ನಿಜಕ್ಕೂ ಇದೆಯೋ ಇಲ್ಲವೋ ಎಂದೇ ಗೊತ್ತಾಗುವುದಿಲ್ಲ. ಮಂಗಳವಾರ ದಿಬ್ಬ ಹತ್ತಿ ಇಳಿಯುವ ಓಟ. ಹಿಡಿತ ಕೆಳಗಿಳಿದು ಹಿಮ್ಮಡಿಯ ಮೇಲೆ ಕೂತಿತು. ಯಾರಿಗೂ ಹೇಳಲಿಲ್ಲ. ಕ್ಲಬ್ಬಿನ ತರಬೇತಿ ನಡೆಸುವ ಲೀಸ್‌ಬೆತ್‌ಗೆ ತಿಳಿದರೆ ತಂಡದಿಂದ ತೆಗೆಯುತ್ತಾಳೆ ಎಂಬ ಭಯ.

ಬುಧವಾರ ಸಂಜೆ ನಕ್ಷೆಯ ಅಭ್ಯಾಸ, ನಕ್ಷೆ ಹಿಡಿದು ಕಾಡಿನಲ್ಲಿ ಕಟ್ಟಿದ ಬಾವುಟಗಳನ್ನು ಒಂದೊಂದಾಗಿ ಹುಡುಕುತ್ತಾ ಓಡುವುದು. ಬಾವುಟ ಕಟ್ಟುವವರು ನಿನ್ನ ಅಪ್ಪನೇ. ಆ ಕಾಡಿನಲ್ಲಿ ಬೇರೆ ಯಾರಾದರೂ ಕಟ್ಟಿದ್ದು ನನಗೆ ನೆನಪಿಲ್ಲ. ಹಿಂದಿನ ದಿನವೇ ಹೋಗಿ ಒಬ್ಬರೇ ಕಟ್ಟಿ ಬಂದಿದ್ದರು. ನಾನು ಜೊತೆಗೆ ಬರುತ್ತೇನೆಂದರೆ ಬೇಡವೆಂದಿದ್ದರು. ಓಟ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಗೊಂದಲ. ಜೌಗಿನಾಚೆಯ ಬಂಡೆಯ ಹಿಂದೆ ಇರಬೇಕಾದ ಬಾವುಟ ಅಲ್ಲಿಲ್ಲ. ಹುಡುಕಿದವರೆಲ್ಲ ಅಲ್ಲೇ ಸುತ್ತು ಹೊಡೆದರು, ಒಬ್ಬರನ್ನೊಬ್ಬರು ನೋಡಿ ನಕ್ಕರು, ಆಮೇಲೆ ಬೈದುಕೊಂಡರು. ನನಗೆ ಅದು ಸಿಕ್ಕಿದ್ದು ಜೌಗಿನ ಈಚೆ, ನೋಡಲು ಹಾಗೇ ಇರುವ ಇನ್ನೊಂದು ಬಂಡೆಯ ಹಿಂದೆ. ಮುಂದಿನ ಎರಡು ಬಾವುಟಗಳೂ ಹಾಗೇ ಎಲ್ಲೆಲ್ಲೋ ಇದ್ದವು.

ಎಲ್ಲರೂ ಕಾರು ನಿಲ್ಲಿಸಿದ್ದ ಜಾಗಕ್ಕೆ ವಾಪಸು ಬಂದಾಗ ನಿನ್ನ ಅಪ್ಪ ತಮ್ಮ ಮಡಚುವ ಕುರ್ಚಿಯ ಮೇಲೆ ಫ್ಲಾಸ್ಕ್ ಹಿಡಿದು ಕೂತಿದ್ದರು. ಲೀಸ್‌ಬೆತ್ ‘ಫೋಲ್ಕೆ’ ಎಂದು ಕರೆಯುತ್ತಾ ಅವರ ಕಡೆಗೇ ಹೊರಟಿದ್ದಳು. ನನಗೇನಾಯಿತೋ, ಆ ಮೂರು ಬಾವುಟ ಕಟ್ಟಿದವಳು ನಾನು ಎಂದುಬಿಟ್ಟೆ.

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಇಷ್ಟು ವರ್ಷ ಓಡಿ ಜೌಗಿನ ಈಚೆ ಯಾವುದು ಆಚೆ ಯಾವುದು ಗೊತ್ತಾಗಲ್ವಾ ಇಂಗೆಲಾ? ಭಾನುವಾರ ಮೊದಲನೇ ಓಟ ನಿನ್ನ ಕೈಗೆ ಕೊಟ್ಟಿದೀನಲ್ಲ, ನಂಗೆ ಬುದ್ಧಿ ಇಲ್ಲ,” ಅಂದಳು.

ಯಾರೋ ಹಿಂದಿನಿಂದ, ಪಾಪ, ಮನೆ ದಾರಿ ತಪ್ಪದಿದ್ದರೆ ಸಾಕು ಅಂದರು. ನಕ್ಕರು. ನಾನೂ ನಕ್ಕೆ. ನಿನ್ನ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತರು. ರಾತ್ರಿ ಊಟದ ಹೊತ್ತಿಗೆ ಲೀಸ್‌ಬೆತ್ ಮೆಸೇಜು ಬಂತು, ನನ್ನ ಜಾಗಕ್ಕೆ ಬೇರೆಯವರನ್ನು ಹಾಕಿದ್ದಾಳಂತೆ.

ಗುರುವಾರ ಎಂದಿನಂತೆ ಬಟಾಣಿ ಸೂಪು, ಪ್ಯಾನ್‌ಕೇಕು ಮಾಡಿ ಅವರ ಮನೆಗೆ ಒಯ್ದೆ. ನೀನು ಹೋದ ಮೇಲೂ ಗುರುವಾರದ ಊಟ ನಮ್ಮಿಬ್ಬರದೂ ಒಟ್ಟಿಗೇ. ನಿನಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ವಾರದಲ್ಲಿ ನಾನು ಇನ್ನೊಬ್ಬರ ಎದುರು ಕೂತು ಉಣ್ಣುವುದು ಅದೊಂದೇ ದಿನ. ಅವರು ಬಾಗಿಲು ತೆಗೆದು, ಸೂಪಿನ ಪಾತ್ರೆಯನ್ನು ಕೈಗೆ ತೆಗೆದುಕೊಳ್ಳಲು ಹೋಗಿ ಅದರ ಪಕ್ಕದ ಗಾಳಿಯನ್ನು ಹಿಡಿದರು. ನಾನು ಪಾತ್ರೆಯನ್ನು ಅವರ ಕೈಯೊಳಗೆ ಸರಿಸಿದೆ. ಇಬ್ಬರೂ ಏನೂ ಆಗದವರ ಹಾಗೆ ಒಳಗೆ ಹೋದೆವು.

ಊಟ ಮಾಡುತ್ತಾ, ಕಣ್ಣು ತೋರಿಸಿದ್ದೀರಾ ಎಂದು ಕೇಳಿದೆ. ಬೆಳಕು ಸಾಲದು ಅಷ್ಟೇ ಅಂದರು. ಹೊರಗೆ ಬಿಸಿಲಿತ್ತು. ನಾನು ಕಿಟಕಿಯ ಕಡೆ ನೋಡಿದ್ದು ಅವರಿಗೆ ಹೇಗೋ ಗೊತ್ತಾಗಿರಬೇಕು, ಚಮಚ ಕೆಳಗಿಟ್ಟರು.

“ಸುಳ್ಳು ಹೇಳು ಅಂತ ನಿಂಗೆ ಯಾರು ಹೇಳಿದ್ರು?” ಅಂದರು.

ಯಾರೂ ಹೇಳಲಿಲ್ಲ ಅಂದೆ.

“ಹಂಗಾದ್ರೆ ಇನ್ಮೇಲೆ ಹೇಳಬೇಡ. ನನ್ನ ಬಾವುಟ ನನ್ನದು.”

ಪ್ಯಾನ್‌ಕೇಕು ಮುಟ್ಟಲಿಲ್ಲ. ಲಿಂಗನ್ ಹಣ್ಣಿನ ಜಾಮಿನ ಡಬ್ಬಿಯನ್ನೂ ನನ್ನ ಕೈಗೇ ವಾಪಸು ಕೊಟ್ಟರು. ನಾನು ಬೇಗ ಎದ್ದು ಬಂದೆ. ಶುಕ್ರವಾರ ವಿಶ್ರಾಂತಿಯ ದಿನ. ಫ್ರಿಜ್ಜಿನ ಹೆಪ್ಪುಗಟ್ಟಿದ ಬಟಾಣಿ ಪೊಟ್ಟಣವನ್ನು ಮೀನಖಂಡಕ್ಕೆ ಕಟ್ಟಿಕೊಂಡು ಮಲಗಿದೆ. ಆ ದಿನ ನಾನು ಆಡಿದ ಮಾತು ಅಂಗಡಿಯಲ್ಲಿ ‘ಚೀಲ ಬೇಡ’ ಅಂದದ್ದು ಮಾತ್ರ. ಇದನ್ನು ನಿನಗೆ ಏಕೆ ಬರೆದೆನೋ. ಬರೆದದ್ದು ಬರೆದಾಯಿತು, ಹೊಡೆದುಹಾಕುವುದಿಲ್ಲ.

ಶನಿವಾರ ಬೆಳಗಿನಿಂದ ಜಿನುಗು ಮಳೆ. ತಂಡದಲ್ಲಿ ಇಲ್ಲದಿದ್ದರೂ ಮನೆಯಲ್ಲಿ ಕೂರಲಾಗದೆ ಉದ್ದದ ಓಟಕ್ಕೆ ಹೊರಟೆ. ಮರದ ಲಾರಿಗಳು ಓಡಾಡುವ ಮಣ್ಣು ರಸ್ತೆಯ ತಿರುವಿನಲ್ಲಿ ನಿನ್ನ ಅಪ್ಪನ ಕಾರು ನಿಂತಿತ್ತು. ಕಿಟಕಿಯ ಗಾಜು ಇಳಿಸಿಯೇ ಇತ್ತು, ಸೀಟು ಪೂರ್ತಿ ನೆನೆದಿತ್ತು. ಮಳೆ ಶುರುವಾಗುವ ಮೊದಲೇ ಬಂದಿದ್ದಾರೆ, ಬುಧವಾರದ ಬಾವುಟ ಬಿಚ್ಚಿಕೊಂಡು ಹೋಗಲು ಬಂದಿದ್ದಾರೆ ಎಂದು ಅರ್ಥವಾಯಿತು. ಕೂಗಿದೆ. ಉತ್ತರವಿಲ್ಲ. ಕಾಡಿನೊಳಗೆ ನುಗ್ಗಿದೆ. ಬ್ಲೂಬೆರಿ ಗಿಡಗಳ ಮೇಲೆ ಜಾರಿ ಕಾಲು ಎಲ್ಲೋ ಇಟ್ಟೆ, ಮೀನಖಂಡ ಚುರ್ರೆಂದಿತು, ಆದರೂ ಓಡಿದೆ. ಬುಧವಾರ ನನಗೆ ಬಾವುಟ ಸಿಕ್ಕಿದ ಬಂಡೆಯ ಹತ್ತಿರ ಇಲ್ಲ. ನಕ್ಷೆಯಲ್ಲಿದ್ದ ಬಂಡೆಯ ಹತ್ತಿರವೂ ಇಲ್ಲ. ಅಲ್ಲಿ ನಿಂತು ಮತ್ತೆ ಕೂಗಿದಾಗ ಟಕ್ ಟಕ್ ಎಂದು ಮರಕ್ಕೆ ಕೋಲು ಬಡಿಯುವ ಸದ್ದು ಕೇಳಿತು.

ಜೌಗಿನ ಅಂಚಿನಲ್ಲಿ, ಬಿದ್ದ ಪೈನ್ ಮರದ ಮೇಲೆ ಕೂತಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಕೆಸರು, ಒಂದು ಕಡೆ ಹರಿದಿತ್ತು. ತುಟಿ ನೀಲಿಯಾಗಿತ್ತು. ಮಡಿಲಲ್ಲಿ ಬಾವುಟಗಳನ್ನು ಒಂದರ ಮೇಲೊಂದು ಒಪ್ಪವಾಗಿ ಮಡಚಿ ಇಟ್ಟುಕೊಂಡಿದ್ದರು. ಅಲ್ಲಿಂದ ರಸ್ತೆ ಎಷ್ಟು ಹತ್ತಿರ ಎಂದು ನಿನಗೆ ಗೊತ್ತು. ಕೆಲಸದ ದಿನವಾಗಿದ್ದರೆ ಲಾರಿಯ ಸದ್ದು ಹಿಡಿದೇ ಹೊರಗೆ ಬರುತ್ತಿದ್ದರು.

ನಾನು ನನ್ನ ಜಾಕೆಟ್ ಬಿಚ್ಚಿ ಹೊದಿಸಿದೆ. ನಡುಗುತ್ತಿದ್ದರು. “ರಸ್ತೆ ಯಾವ ಕಡೆ ಅಂತ ಕೇಳೋಕೆ ನಾಚಿಕೆ ಆಯ್ತು ಇಂಗೆಲಾ. ಕೇಳೋಕೆ ಯಾರೂ ಇರಲಿಲ್ಲ ಬಿಡು,” ಅಂದರು.

ಆಮೇಲೆ ತಾವಾಗಿಯೇ ಹೇಳಿದರು. ಚಳಿಗಾಲದಿಂದ ಹೀಗಂತೆ. ನೇರ ನೋಡಿದರೆ ನಡುವೆ ಬೂದು ಬಣ್ಣದ ಒಂದು ಕಲೆ, ಪಕ್ಕಕ್ಕೆ ನೋಡಿದರೆ ಅಂಚಿನಲ್ಲಿ ಸ್ವಲ್ಪ ಕಾಣುತ್ತದಂತೆ. ನಕ್ಷೆಯ ಗೆರೆಗಳು ಕಾಣುವುದೇ ಇಲ್ಲವಂತೆ. ಬಾವುಟಗಳನ್ನು ನೆನಪಿನ ಮೇಲೆಯೇ ಕಟ್ಟುತ್ತಿದ್ದರಂತೆ. ಹಾಗಾದರೆ ಕಾರು ಹೇಗೆ ಓಡಿಸಿದಿರಿ ಎಂದು ಕೇಳಿದೆ.

“ನಿಧಾನಕ್ಕೆ,” ಅಂದರು.

ಎಬ್ಬಿಸಿ ನಿಲ್ಲಿಸಲು ಹೋದಾಗ ಬಲಗಾಲು ಊರಲಾಗಲಿಲ್ಲ, ಪಾದ ಉಳುಕಿ ಊದಿಕೊಂಡಿತ್ತು. ಅವರ ಬಲಗಾಲು, ನನ್ನ ಎಡಗಾಲು. ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಹೊರಟೆವು. ಹತ್ತು ಹೆಜ್ಜೆಗೊಮ್ಮೆ ನಿಂತೆವು. ಒಮ್ಮೆ ಇಬ್ಬರೂ ಪಾಚಿಯ ಮೇಲೆ ಕುಕ್ಕರಿಸಿ ಬಿದ್ದಾಗ ಅವರು, “ಲೀಸ್‌ಬೆತ್ ನೋಡಿದ್ರೆ ನಮ್ಮಿಬ್ಬರನ್ನೂ ರಿಲೇಗೆ ಹಾಕ್ತಿದ್ದಳು,” ಅಂದರು. ನಗು ಬಂತು. ಮಳೆಯಲ್ಲಿ ಕೂತು ನಕ್ಕೆವು, ಹೋಕನ್. ಈ ಇಡೀ ವಾರದಲ್ಲಿ ನಾನು ಮನಸಾರೆ ನಕ್ಕಿದ್ದು ಆಗಲೇ.

ಅವರ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದೆ. ಪಾದಕ್ಕೆ ಪಟ್ಟಿ ಸುತ್ತಿದರು. ಮೂಳೆಗೆ ಏನೂ ಆಗಿಲ್ಲ. ನಾನು ಕಣ್ಣಿನ ವಿಷಯ ತೆಗೆದೆ. ಅವರು ಮುಖ ತಿರುಗಿಸಿಕೊಂಡರೂ ಡಾಕ್ಟರು ದೀಪ ಹಾಕಿ ನೋಡಿಯೇ ಬಿಟ್ಟರು. ದೊಡ್ಡ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಬೇಕಂತೆ. ಹೋದದ್ದು ವಾಪಸು ಬರುವುದು ಕಷ್ಟ, ಉಳಿದದ್ದನ್ನು ಉಳಿಸಿಕೊಳ್ಳಲು ನೋಡಬಹುದು ಅಂದರು. ಕಾರು ಓಡಿಸುವುದು ಇವತ್ತಿಗೇ ನಿಲ್ಲಬೇಕು. ನರ್ಸು ನನ್ನ ಕಡೆ ತಿರುಗಿ, ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು. ನಿನ್ನ ಅಪ್ಪನೇ ಹೇಳಿದರು.

“ಕ್ಲಬ್ಬಿನವಳು.”

ಸರಿಯಾಗಿಯೇ ಹೇಳಿದರು. ಈಗ ಕಾನೂನಿನ ಪ್ರಕಾರ ನಾನು ಅವರಿಗೆ ಇನ್ನೇನೂ ಅಲ್ಲ. ಗೋಡೆಯ ಮೇಲೆ ಕೈ ತೊಳೆಯುವ ಕ್ರಮದ ಚಿತ್ರವಿತ್ತು, ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ.

ಮನೆಗೆ ಬಿಟ್ಟು, ಒಲೆ ಹೊತ್ತಿಸಿ, ಒಣ ಬಟ್ಟೆ ಕೊಟ್ಟೆ. ಹೊರಡುವಾಗ, ಹೋಕನ್‌ಗೆ ತಿಳಿಸುತ್ತೇನೆ ಎಂದೆ. ಅವರು ಕುರ್ಚಿಯಿಂದ ಏಳಲು ನೋಡಿದರು.

“ಅವನಿಗೆ ಒಂದು ಮಾತು ಗೊತ್ತಾಗಬಾರದು. ಗೊತ್ತಾದ್ರೆ ಬಂದು ನನ್ನನ್ನ ಯಾವುದೋ ಮುದುಕರ ಹೋಮಿಗೆ ಸೇರಿಸಿ ಮನೆಗೆ ಬೀಗ ಹಾಕ್ತಾನೆ. ನೀನು ಬರೆದೆಯೋ, ಆಮೇಲೆ ಈ ಹೊಸ್ತಿಲು ತುಳೀಬೇಡ.”

ಆಯಿತು, ಬರೆಯುವುದಿಲ್ಲ ಎಂದು ಬಂದೆ.

ಇವತ್ತು ಬೆಳಿಗ್ಗೆ ಕ್ಲಬ್ಬಿನ ವ್ಯಾನು ನಮ್ಮ ಮನೆಯ ಮುಂದೆಯೇ ಹೋಯಿತು. ನಾನು ಪರದೆಯ ಹಿಂದೆ ನಿಂತೆ. ಆಮೇಲೆ ಅವರ ಬಗ್ಗೆ ಯೋಚಿಸಿದೆ. ಆ ಬಿದ್ದ ಮರದ ಮೇಲೆ ಎಷ್ಟು ಹೊತ್ತು ಕೂತಿದ್ದರೋ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮೀನಖಂಡ ನೋಯುತ್ತದೆಂದು ನಾನು ಆ ದಿನ ಮನೆಯಲ್ಲೇ ಉಳಿದಿದ್ದರೆ? ಅವರ ಫೋನು ಅಡುಗೆಮನೆಯ ಮೇಜಿನ ಮೇಲಿತ್ತು, ಒಯ್ದಿರಲೇ ಇಲ್ಲ. ಅವರು ಮತ್ತೆ ಹೋಗುತ್ತಾರೆ, ಹೋಕನ್. ಕಾರಿನ ಕೀಲಿ ನನ್ನ ಹತ್ತಿರ ಇದೆ, ಆದರೆ ನಡೆದಾದರೂ ಹೋಗುತ್ತಾರೆ.

ನೀನು ಮನೆ ಬಿಟ್ಟ ದಿನ ಅವರು ನಿನಗೆ, ಅವಳಿಲ್ಲದೆ ಇಲ್ಲಿಗೆ ಬರಬೇಡ ಎಂದದ್ದು ನನಗೆ ಗೊತ್ತು. ನಾನು ಹೇಳಿಸಿದ್ದಲ್ಲ. ಆ ಮಾತನ್ನು ಹಿಡಿದುಕೊಂಡು ನೀನು ಅಲ್ಲಿ, ಅದನ್ನೇ ಹಿಡಿದುಕೊಂಡು ಅವರು ಇಲ್ಲಿ. ಫೋನು ಬಡಿದುಕೊಂಡಾಗಲೆಲ್ಲ ಅವರು ಮೊದಲು ಎದ್ದು ಬಟ್ಟೆ ಸರಿಮಾಡಿಕೊಳ್ಳುತ್ತಾರೆ, ಆಮೇಲೆ ಎತ್ತುತ್ತಾರೆ. ಇದನ್ನು ನಾನು ಬಹಳ ಸಲ ನೋಡಿದ್ದೇನೆ.

ಬಂದು ಹೋಗು. ಹೋಮಿನ ಮಾತು ತೆಗೆಯಬೇಡ. ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗು. ನಾನು ಕರೆದೊಯ್ಯಬಹುದಿತ್ತು, ಆದರೆ ಈ ಕಾಗದ ಹೊರಟ ಮೇಲೆ ಅವರು ನನ್ನ ಜೊತೆ ಬರುವುದಿಲ್ಲ. ನಿನ್ನ ಅಪ್ಪನ ಮನೆಗೆ ಬರಲು ನನ್ನ ಮನೆಯ ಮುಂದೆ ಹಾಯಬೇಕಿಲ್ಲ, ಕೆರೆಯ ಕಡೆಯಿಂದ ರಸ್ತೆ ಸರಿಯಾಗಿದೆ. ಹಾಯ್ದರೂ ಅಡ್ಡಿಯಿಲ್ಲ.

ಕ್ಷೇಮವಾಗಿರು.

ಇಂಗೆಲಾ

ಮರೆತ ಮಾತು: ಕದ್ದು ಬರೆದಂತಾಗಬಾರದೆಂದು, ಲಕೋಟೆ ಅಂಟಿಸುವ ಮೊದಲು ನಿನ್ನ ಅಪ್ಪನ ಮನೆಗೆ ಹೋದೆ. ಕೋಲು ಊರಿಕೊಂಡು ಬಾಗಿಲು ತೆಗೆದರು. ಬರೆದಿದ್ದೇನೆ ಎಂದೆ. ಬಹಳ ಹೊತ್ತು ನನ್ನ ಕಿವಿಯ ಪಕ್ಕದಲ್ಲಿ ಎಲ್ಲೋ ನೋಡುತ್ತಾ ನಿಂತರು. ನನ್ನ ಮುಖ ಕಾಣಲೆಂದು ಹಾಗೆ ನೋಡುತ್ತಿದ್ದಾರೆಂದು ನನಗೆ ಆಮೇಲೆ ಹೊಳೆಯಿತು. “ಬರೋವಾಗ ರಬ್ಬರ್ ಬೂಟು ತರೋಕೆ ಹೇಳು. ನನ್ನದು ಅವನ ಕಾಲಿಗೆ ಆಗಲ್ಲ,” ಅಂದರು. ಒಳಗೆ ಕಾಫಿ ಕುದಿಯುತ್ತಿತ್ತು, ವಾಸನೆ ಬಂತು. ಕಾರಿನ ಕೀಲಿಯನ್ನು ಅವರ ಕೈಗೆ ಕೊಡಲಿಲ್ಲ, ಅವರೂ ಕೇಳಲಿಲ್ಲ. ಮೆಲ್ಲಗೆ ಬಾಗಿಲು ಹಾಕಿಕೊಂಡರು. ನನ್ನನ್ನು ಒಳಗೆ ಕರೆಯಲಿಲ್ಲ.