ಅಟ್ಟದಿಂದ ಇಳಿಸುವ ಹೊತ್ತು

ತಿಪಟೂರು,
15 ಸೆಪ್ಟೆಂಬರ್ 1978, ಶುಕ್ರವಾರ

ಪ್ರೀತಿಯ ಅಪ್ಪನಿಗೆ ಕೃಪಾ ಮಾಡುವ ವಂದನೆಗಳು.

ಕೆಮ್ಮು ಹೇಗಿದೆ? ಸಂಜೆಯ ಜ್ವರ ಬಿಟ್ಟಿತೇ? ಸ್ಯಾನಟೋರಿಯಂನವರು ಕೊಡುವ ಮೊಟ್ಟೆಯನ್ನು ನೀವೇ ತಿನ್ನುತ್ತಿದ್ದೀರೋ ಅಥವಾ ಪಕ್ಕದ ಹಾಸಿಗೆಯವರಿಗೆ ದಾಟಿಸುತ್ತಿದ್ದೀರೋ? ಇದಕ್ಕೆ ನೀವು ಉತ್ತರ ಬರೆಯುವುದು ಬೇಡ, ಅಮ್ಮ ಬರೆಯಲಿ, ಅವಳು ಸುಳ್ಳು ಹೇಳುವುದಿಲ್ಲ. ನಾನು ಚೆನ್ನಾಗಿದ್ದೇನೆ. ಕೆಮಿಸ್ಟ್ರಿ ಪ್ರಾಕ್ಟಿಕಲ್ಸ್‌ನಲ್ಲಿ ಕೈ ಜಾರಿ ಒಂದು ಪಿಪೆಟ್ ಒಡೆದೆ. ಹಾಸ್ಟೆಲಿನ ಸಾರು ಎಂದಿನಂತೆ ತಟ್ಟೆಯ ತಳ ಕಾಣುವಷ್ಟು ತಿಳಿಯಾಗಿದೆ. ಒಂದನೇ ಕ್ಲಾಸಿನಿಂದ ಮಿಷನ್ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಅದೇನು ಹೊಸದಲ್ಲ. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಅಮ್ಮ ತಿದ್ದಿಕೊಂಡು ಓದಿ ಹೇಳಲಿ.

ನಿಮ್ಮ ಕಾಗದ ಬಂತು. ಓದಿ ಎರಡು ದಿನ ಊಟ ಸೇರಲಿಲ್ಲ. ಮಾತ್ರೆಗಳನ್ನು ಬರುವ ಬೇಸಗೆಯವರೆಗೆ ನುಂಗಲೇಬೇಕು, ನಡುವೆ ಬಿಟ್ಟರೆ ಕಾಯಿಲೆ ಇನ್ನೂ ಗಟ್ಟಿಯಾಗಿ ತಿರುಗಿ ಬರುತ್ತದೆ ಎಂದು ಡಾಕ್ಟರು ನನ್ನ ಎದುರಿಗೇ ಹೇಳಿದ್ದರು. ನೀವು ನೋಡಿದರೆ ತಿಂಗಳ ಕೊನೆಗೆ ಹೊರಟು ಬರುತ್ತೇನೆ, ಗುರುವಾರದ ಪ್ರಾರ್ಥನೆಯ ಗುಂಪು ಚದುರಿಹೋಗುತ್ತಿದೆಯಂತೆ, ಅದನ್ನು ನಡೆಸುವ ಉಪದೇಶಿಯಾದವನು ಹಾಸಿಗೆಯಲ್ಲಿ ಮಲಗಿ ನೋಡುತ್ತಿರಲೇ ಎಂದು ಬರೆದಿದ್ದೀರಿ. ನಿಮಗೆ ಸುದ್ದಿ ಮುಟ್ಟಿಸಿದವರು ಶ್ರೀರಂಗಯ್ಯನವರು ಎಂದು ಗೊತ್ತು. ಪೋಸ್ಟ್‌ಮನ್ ಕೆಲಸದಿಂದ ರಿಟೈರ್ ಆದರೂ ಅವರಿಗೆ ಸುದ್ದಿ ಮುಟ್ಟಿಸುವ ಅಭ್ಯಾಸ ಹೋಗಿಲ್ಲ. ಅವರು ಬರೆದದ್ದು ಸುಳ್ಳಲ್ಲ. ಗುಂಪು ಚದುರಿತ್ತು, ಚದುರಿಸಿದವಳು ನಾನೇ. ಆದರೆ ನಿನ್ನೆ ನಡೆದದ್ದನ್ನೂ ಕೇಳಿ, ಆಮೇಲೆ ಪೆಟ್ಟಿಗೆಗೆ ಬಟ್ಟೆ ತುಂಬುವುದೋ ಬೇಡವೋ ಯೋಚಿಸಿ.

ಬೇಸಗೆಯ ಕ್ಯಾಂಪಿನಲ್ಲಿ ನನಗೆ ಒಂದು ಇಂಗ್ಲಿಷ್ ಬುಕ್‌ಲೆಟ್ ಕೊಟ್ಟಿದ್ದರಲ್ಲ, ಶಿಷ್ಯರಾದವರು ಆತ್ಮಿಕವಾಗಿ ಹಂತ ಹಂತವಾಗಿ ಬೆಳೆಯುವುದು ಹೇಗೆ ಎಂಬುದರ ಬಗ್ಗೆ. ಹಾಲು ಕುಡಿಯುವ ಕೂಸು, ನಡೆಯಲು ಕಲಿಯುವ ಮಗು, ದುಡಿಯುವ ಯೌವನಸ್ಥ, ಕೊನೆಗೆ ಇನ್ನೊಬ್ಬರನ್ನು ಬೆಳೆಸಬಲ್ಲ ತಂದೆ ಅಥವಾ ತಾಯಿ. ನೀವು ಆಸ್ಪತ್ರೆಗೆ ಹೊರಟಾಗ ಗುಂಪನ್ನು ನನ್ನ ಕೈಗೆ ಕೊಟ್ಟಿರಿ. ನನಗೆ ಹೆದರಿಕೆಯಾಯಿತು. ಹೆದರಿದಾಗ ನಾನು ಚಾರ್ಟ್ ಬರೆಯುತ್ತೇನೆ, ನಿಮಗೆ ಗೊತ್ತಲ್ಲ. ಡ್ರಾಯಿಂಗ್ ಶೀಟಿನ ಮೇಲೆ ಮೆಟ್ಟಿಲುಗಳನ್ನು ಬಿಡಿಸಿ, ಒಂದೊಂದು ಮೆಟ್ಟಿಲ ಮೇಲೆ ಒಬ್ಬೊಬ್ಬರ ಹೆಸರು ಬರೆದು, ಹಾಲ್ಕುರಿಕೆ ಬಸ್ಸಿನಲ್ಲಿ ಒಯ್ದು, ಗುಂಪು ಸೇರುವ ಸಿದ್ದಮ್ಮನವರ ನಡುಮನೆಯ ಗೋಡೆಗೆ ಅಂಟಿಸಿಬಿಟ್ಟೆ. ಶ್ರೀರಂಗಯ್ಯನವರಿಗೆ ಬೈಬಲಿನ ವಾಕ್ಯಗಳೆಲ್ಲ ಬಾಯಿಪಾಠ, ಪ್ರಾರ್ಥನೆಯೂ ಉದ್ದ, ಹಾಗಾಗಿ ಅವರನ್ನು ತಂದೆಯ ಮೆಟ್ಟಿಲಿಗೆ ಏರಿಸಿದೆ. ಶಿವಣ್ಣ ಸಭೆಗೆ ಹೊಸಬ, ಒಮ್ಮೆಯೂ ಬಾಯಿಬಿಟ್ಟು ಪ್ರಾರ್ಥಿಸಿದವನಲ್ಲ, ಅವನನ್ನು ಕೂಸಿನ ಮೆಟ್ಟಿಲಿಗೆ ಹಾಕಿದೆ. ಸಿದ್ದಮ್ಮನವರು ಮಾತೇ ಆಡುವುದಿಲ್ಲವಾದ್ದರಿಂದ ಎಲ್ಲಿ ಹಾಕಬೇಕೋ ತಿಳಿಯದೆ ಎರಡು ಮೆಟ್ಟಿಲ ನಡುವೆ ಬರೆದೆ. ಅವರು ಅದನ್ನು ನೋಡಿ, ‘ನನ್ನ ಯಾಕವ್ವ ಹಂಗೆ ನೇತಾಕಿದೀಯ’ ಎಂದಷ್ಟೇ ಕೇಳಿದರು.

ನಾನು ಬುಕ್‌ಲೆಟ್ಟನ್ನು ಓದಿದ್ದೆ, ಊರನ್ನು ಓದಿರಲಿಲ್ಲ. ಸಿದ್ದಮ್ಮನವರ ನಡುಮನೆಗೆ ಮಜ್ಜಿಗೆಗೆ ಬರುವವರು, ಬೆಂಕಿ ಕೇಳಲು ಬರುವವರು ಎಲ್ಲ ಆ ಗೋಡೆಯನ್ನು ಓದಿದರು. ವಾರದೊಳಗೆ ಮಾತು ಕೊಬ್ಬರಿ ಮಂಡಿಗೆ ಹೋಗಿತ್ತು. ಮೀಸೆ ಹೊತ್ತ ಹಮಾಲಿ ಶಿವಣ್ಣ ಮೂಟೆ ಎತ್ತಲು ಬಗ್ಗಿದರೆ ಸಾಕು, ‘ಏನ್ಲಾ ಕೂಸೇ, ಹಾಲು ಕುಡ್ದ್ ಬಂದ್ಯಾ, ಇಲ್ಲ ತೊಟ್ಲು ಕಟ್ಟಾನಾ’ ಎಂದು ಗಾಡಿಯವರು ಕೂಗುತ್ತಿದ್ದರಂತೆ. ಅವನು ಬರುವುದು ನಿಲ್ಲಿಸಿದ. ಇತ್ತ ತಂದೆಯಾದ ಶ್ರೀರಂಗಯ್ಯನವರು ಎಲ್ಲರ ಪ್ರಾರ್ಥನೆಯನ್ನೂ ತಿದ್ದಲು ಶುರುಮಾಡಿ, ತಮ್ಮದನ್ನು ಮಾತ್ರ ಕೊನೆಯ ಬಸ್ಸು ತಪ್ಪುವಷ್ಟು ಬೆಳೆಸಿದರು. ಉಳಿದವರೂ ಒಬ್ಬೊಬ್ಬರಾಗಿ ಜಾರಿದರು. ಒಂದು ಗುರುವಾರ ನಾವು ಮೂವರೇ ಕೂತಿದ್ದೆವು. ಶ್ರೀರಂಗಯ್ಯನವರು ನಿಮಗೆ ಬರೆದದ್ದು ಆ ರಾತ್ರಿಯೇ ಇರಬೇಕು.

ನಿಮ್ಮ ಕಾಗದ ಓದಿದ ಮೇಲೆ, ಇದನ್ನು ಕೆಡಿಸಿದವಳೇ ಸರಿಮಾಡಬೇಕು, ಅಪ್ಪನ ಶ್ವಾಸಕೋಶ ಅಲ್ಲ ಎಂದು ನಿಶ್ಚಯಿಸಿದೆ. ಸಿದ್ದಮ್ಮನವರನ್ನು ಕರೆದುಕೊಂಡು ಮಂಡಿಗೆ ಹೋದೆ. ಕೊಬ್ಬರಿ ರಾಶಿಗಳ ನಡುವೆ, ನೂರು ಗಂಡಸರ ಎದುರು ನಿಂತೆ. ಶಿವಣ್ಣನಿಗೆ, ನಾನು ಮಾಡಿದ್ದು ತಪ್ಪು, ಚಾರ್ಟನ್ನು ಕಿತ್ತು ಹಾಕಿದ್ದೇನೆ, ಬಾ ಎಂದೆ. ಅವನು ಮೂಟೆ ಇಳಿಸದೆಯೇ, ‘ಕೂಸು ಹೆಂಗೆ ನಡ್ಕಂಡ್ ಬತ್ತದವ್ವ, ಎತ್ಕಂಡ್ ಹೋಗಿ’ ಎಂದ. ಸುತ್ತಲಿನವರೆಲ್ಲ ನಕ್ಕರು. ಸಿದ್ದಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ಎತ್ಕಂಡೇ ಹೋಗ್ತೀನಿ ಬಾರ್ಲಾ, ನಿಮ್ಮವ್ವ ಹೊಲಕ್ಕೆ ಹೋದಾಗ ಎತ್ಕಂಡೋಳೇ ನಾನು’ ಎಂದು ನಿಜವಾಗಿಯೂ ಕೈ ಚಾಚಿದರು. ಆಗ ಅವನಿಗೂ ನಗು ಬಂತು. ಬರುತ್ತೇನೆ ಎಂದ.

ಹಂತಗಳ ಪಾಠವನ್ನು ನಾನು ಬಿಡಲಿಲ್ಲ, ಅಪ್ಪಾ. ಬೆಳೆಯುವುದು ನಿಜ ಎಂದು ಈಗಲೂ ನಂಬಿದ್ದೇನೆ, ಮತ್ತು ನೀವು ಬರುವವರೆಗೂ ಅದನ್ನು ನಡೆಸುವುದು ನಾನೇ. ಹೆಸರು ಬರೆಯುವುದನ್ನು ಮಾತ್ರ ಬಿಟ್ಟೆ. ಒಂದು ವಾಕ್ಯ ತೆಗೆದುಕೊಂಡು ವಾರವೆಲ್ಲ ಅದರಂತೆ ನಡೆಯುವುದು, ನಡೆದದ್ದನ್ನೂ ಎಡವಿದ್ದನ್ನೂ ಗುರುವಾರ ಹೇಳುವುದು. ನಿನ್ನೆ ಎಲ್ಲರೂ ಬಂದಿದ್ದರು. ಕೇಡಿಗೆ ಕೇಡು ಮಾಡಬೇಡಿ ಎಂಬ ವಾಕ್ಯ ಹೋದ ವಾರ ಶಿವಣ್ಣನ ಪಾಲಿಗೆ ಬಂದಿತ್ತು. ತೊಟ್ಟಿಲ ಮಾತೆತ್ತಿದ ಗಾಡಿಯವನ ವಿಷಯ ಹೇಳಿ, ‘ಕೈ ಎತ್ತಿದ್ದೆ ಕಣವ್ವ. ಎತ್ತಿದ್ಮೇಲೆ ಸುಮ್ನೆ ಯಾಕೆ ಇಳಿಸಾದು ಅಂತ ಅವನ ಮೂಟೇನೇ ಎತ್ತಿಕೊಟ್ಟೆ’ ಎಂದ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನಾನೊಂದು ಉದಾಹರಣೆ ತಯಾರಿಸಿಕೊಂಡು ಹೋಗಿದ್ದೆ. ಸಿದ್ದಮ್ಮನವರ ಅಟ್ಟದ ಮೇಲೆ ಕಾಯಿಗಳನ್ನು ವರ್ಷವೊಪ್ಪತ್ತು ಹಾಗೇ ಬಿಡುತ್ತಾರಲ್ಲ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪನ್ನು ಬಿಟ್ಟು ಅಲ್ಲಾಡುವವರೆಗೆ. ಬಲಿತ ವಿಶ್ವಾಸಿ ಹಾಗೆ ಸದ್ದು ಮಾಡುತ್ತಾನೆ ಎಂದು ಹೇಳಿ, ಏಣಿ ಹತ್ತಿ, ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ್ದನ್ನು ಇಳಿಸಿಕೊಂಡು ಬಂದೆ. ಶಿವಣ್ಣ ಅದನ್ನು ಕೈಯಲ್ಲಿ ಹಿಡಿದು ನನ್ನ ಮುಖವನ್ನೊಮ್ಮೆ ನೋಡಿದ. ಏನೂ ಹೇಳದೆ ಸುಲಿದುಕೊಟ್ಟ. ನಾನೇ ಮಚ್ಚಿನಿಂದ ಒಡೆದೆ. ನೀರು ಚಿಮ್ಮಿ ಶ್ರೀರಂಗಯ್ಯನವರ ಇಸ್ತ್ರಿ ಪಂಚೆಯೆಲ್ಲ ತೊಯ್ದುಹೋಯಿತು, ಹುಳಿ ವಾಸನೆ ಬೇರೆ. ನೀರು ಇಂಗಿಲ್ಲವೆಂದು ಗೊತ್ತಿದ್ದೂ ಯಾಕೆ ಸುಲಿದೆ ಎಂದು ಕೇಳಿದರೆ, ‘ಲೀಡ್ರು ಹೇಳಿದ್ಮೇಲೆ ಸುಲೀಬೇಕಲ್ವಾ’ ಎಂದ ಆ ಶಿವಣ್ಣ. ಮತ್ತೆ ಮೆಲ್ಲಗೆ, ‘ನೀರಿದ್ರೂ ಸದ್ದು ಬತ್ತದೆ ಕಣವ್ವ, ಜಾಸ್ತೀನೇ ಬತ್ತದೆ’ ಎಂದು ಸೇರಿಸಿದ. ಯಾರೂ ಶ್ರೀರಂಗಯ್ಯನವರ ಕಡೆ ನೋಡಬಾರದೆಂದು ಎಲ್ಲರೂ ನೆಲ ನೋಡುತ್ತ ಕೂತೆವು. ಅವರು ಪಂಚೆ ಹಿಂಡಿಕೊಳ್ಳುತ್ತ, ‘ನನ್ನ ಪ್ರಾರ್ಥನೆ ಬಗ್ಗೆ ಹೇಳ್ತಿದೀಯೇನ್ಲಾ’ ಎಂದರು. ಶಿವಣ್ಣ ಒಡೆದ ಚಿಪ್ಪುಗಳನ್ನು ಆಯತೊಡಗಿದ. ಆ ಮುದುಕರು ಮೊದಲು ನಕ್ಕರು, ಆಮೇಲೆ, ‘ಹಂಗಾದ್ರೆ ಇವತ್ತು ನೀನೇ ಮಾಡಪ್ಪ’ ಎಂದರು.

ಶಿವಣ್ಣ ಚಿಪ್ಪು ಕೆಳಗಿಟ್ಟು ಕೈಮುಗಿದ. ಮೊಟ್ಟಮೊದಲ ಸಲ ಬಾಯಿಬಿಟ್ಟು ಪ್ರಾರ್ಥಿಸಿದ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಅಮ್ಮ ಇದನ್ನು ತಿದ್ದದಿರಲಿ. ‘ಸ್ವಾಮಿ, ನಮ್ಮ ಉಪದೇಶಿಗಳ ಎದೇಲಿ ಇನ್ನೂ ನೀರೈತೆ. ಅದು ಪೂರ್ತಾ ಇಂಗ್ಲಿ. ಅಲ್ಲೀಗಂಟ ಅವರ್ನ ಅಟ್ಟದಿಂದ ಇಳಿಸ್ಬ್ಯಾಡ. ಇಲ್ಲಿ ನಾವು ಹೆಂಗೋ ಇರ್ತೀವಿ.’

ಅಷ್ಟೇ, ಅಪ್ಪಾ. ಇದಕ್ಕೆ ನಾನು ಸೇರಿಸುವುದು ಏನೂ ಇಲ್ಲ. ಮಾತ್ರೆ ಮುಗಿಯುವ ಮೊದಲು ನೀವು ಬರಕೂಡದು.

ಸಿದ್ದಮ್ಮನವರು ನಿಮ್ಮಿಬ್ಬರಿಗೂ ವಂದನೆ ಹೇಳಿದ್ದಾರೆ. ಶ್ರೀರಂಗಯ್ಯನವರು, ಹಿಂದಿನ ಕಾಗದವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದಿದ್ದಾರೆ. ಅಮ್ಮನ ಸೊಂಟನೋವಿಗೆ ಬಿಸಿನೀರಿನ ಶಾಖ ತಪ್ಪದಿರಲಿ. ಕರ್ತನು ನಿಮ್ಮ ಉಸಿರನ್ನು ಕಾಯಲಿ.

ನಿಮ್ಮ ಮಗಳು,
ಕೃಪಾ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು, ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಶಿವಣ್ಣ ಕೊನೆಯಲ್ಲಿ ಆಮೆನ್ ಹೇಳಲಿಲ್ಲ, ಅವನಿಗೆ ಅಭ್ಯಾಸವಿಲ್ಲ. ಶ್ರೀರಂಗಯ್ಯನವರು ಹೇಳಲು ಬಾಯಿ ತೆರೆದರು. ಸಿದ್ದಮ್ಮನವರು ಅವರ ಕೈ ಅದುಮಿ, ‘ಬುಡಿ, ಅದು ಉಪದೇಶಿಗಳು ಹೇಳಾದು’ ಎಂದರು. ಹಾಗಾಗಿ ನಾವೆಲ್ಲ ಅದನ್ನು ಹೇಳದೆಯೇ ಎದ್ದು ಬಂದೆವು, ಆ ಪ್ರಾರ್ಥನೆ ಇನ್ನೂ ಮುಗಿದಿಲ್ಲ. ಒಂದು ಕಾರ್ಡು ಹಾಕಿ. ಬೇರೇನೂ ಬರೆಯಬೇಡಿ, ಆ ಒಂದು ಮಾತು ಸಾಕು. ಬರುವ ಗುರುವಾರ ನಡುಮನೆಯಲ್ಲಿ ಗಟ್ಟಿಯಾಗಿ ಓದುತ್ತೇನೆ.