ನೀರಿನೊಳಗಿನ ಕಾಡು

ಎಚ್.ಡಿ. ಕೋಟೆ

ಅಣ್ಣ ದೇವರಾಜನಿಗೆ,

ನಿನ್ನ ಮಗಳು ರಮ್ಯ ಅಳುತ್ತಾ ಫೋನ್ ಮಾಡಿದ್ದಳು. ನೀನು ಅಂದದ್ದನ್ನು ಹಾಗೇ ಒಪ್ಪಿಸಿದಳು: "ನಿಮ್ಮತ್ತೆಗೆ ತಲೆ ಕೆಟ್ಟದೆ ಕಣವ್ವ. ತಣ್ಣೀರಲ್ಲಿ ಮುಳುಗಾಕೆ ದಕ್ಷಿಣ ಆಫ್ರಿಕಾಕ್ಕೆ ಓಯ್ತಾರಾ? ಕಬಿನೀಲಿ ನೀರಿಲ್ವಾ?"

ಕಬಿನಿಯಲ್ಲಿ ನೀರಿದೆ. ಅದರ ಕೆಳಗೆ ನಮ್ಮೂರೂ ಇದೆ. ಅಣೆಕಟ್ಟು ತುಂಬಿದಾಗ ನನಗೆ ಆರು ವರ್ಷ. ಅಂದಿನಿಂದ ಪ್ರತಿ ಮಹಾಲಯಕ್ಕೂ ನೀವು ಗಂಡಸರು ಸೊಂಟದುದ್ದ ನೀರಿಗಿಳಿದು, ಮುಳುಗಿದ ಮನೆಯ ಕಡೆಗೆ ಹಿರಿಯರ ಎಡೆ ಬಿಡುತ್ತೀರಿ. ನಾವು ಹೆಂಗಸರು ನಿಮ್ಮ ಅಂಗಿ ಹಿಡಿದು ದಡದಲ್ಲಿ ನಿಲ್ಲುತ್ತೇವೆ. ಅವ್ವ ಸಾಯುವವರೆಗೂ ಹಾಗೇ ನಿಂತಳು. ಒಮ್ಮೆ ಪಾದ ನೆನೆಸಿದ್ದಕ್ಕೆ ಅಪ್ಪ ಅವಳನ್ನು ಬೈದದ್ದು ನಾನು ಮರೆತಿಲ್ಲ.

ಹಿನ್ನೀರಿನಲ್ಲಿ ನಿಂತ ನಮ್ಮ ಕಾಡಿನ ಮರಗಳೆಲ್ಲ ಸತ್ತು ಬೋಳಾದವು. ದಕ್ಷಿಣ ಆಫ್ರಿಕಾದ ಆ ತಣ್ಣನೆಯ ಕಡಲಿನ ತಳದಲ್ಲಿ ಮಾತ್ರ ಮರದೆತ್ತರದ ಪಾಚಿ ಕಾಡಿನಂತೆ ಬೆಳೆಯುತ್ತದೆ ಎಂದು ಓದಿದ್ದೇನೆ. ನೀರಿನೊಳಗೆ ಬದುಕಿರುವ ಕಾಡನ್ನು ನಾನು ನೋಡಬೇಕು. ಅದಕ್ಕೇ ರಮ್ಯಳೂ ನಾನೂ ಮುರುಡೇಶ್ವರಕ್ಕೆ ಹೋಗಿ ಸ್ಕೂಬಾ ಕಲಿತೆವು. ಚಳಿಗೆ ದಪ್ಪ ರಬ್ಬರ್ ಉಡುಪು ಹಾಕಿಕೊಳ್ಳುತ್ತೇವೆ. ಒಬ್ಬೊಬ್ಬರೇ ಇಳಿಯಲು ಬಿಡುವುದಿಲ್ಲ. ನನಗೆ ಜೊತೆ ಅವಳೇ.

ನೀನು ಬೀರುವಿನಲ್ಲಿ ಬಚ್ಚಿಟ್ಟಿರುವ ಅವಳ ಪಾಸ್‌ಪೋರ್ಟನ್ನು ಸೋಮವಾರದೊಳಗೆ ಅವಳ ಕೈಗೆ ಕೊಡು. ಕೊಡದಿದ್ದರೆ ನಾನೇ ಬಂದು, ಊರವರ ಮುಂದೆಯೇ ಬೀಗ ಒಡೆಸುತ್ತೇನೆ.

ಮಹಾಲಯದ ಹೊತ್ತಿಗೆ ವಾಪಸಾಗಿರುತ್ತೇವೆ. ಈ ಸಲ ಅವ್ವನ ಎಡೆಯನ್ನು ನಾನೇ ನೀರಿಗಿಳಿದು ಬಿಡುತ್ತೇನೆ. ನನ್ನ ಟವೆಲ್ ಹಿಡಿದುಕೊಂಡು ನೀನು ದಡದಲ್ಲಿ ನಿಂತಿರು.

ನಿನ್ನ ತಂಗಿ,
ರೇಣುಕಾ