ಎರಡು ಪುಟದಲ್ಲಿ ಇಲ್ಲದ ಪದ

ಮಾರ್ಚ್ 9, ಗುರುವಾರ

ಪಾಠ ಹೇಳುವ ಕೆಲಸಕ್ಕೆ ಕರೆದ ಕಾಲೇಜಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ನಾಳೆಯೇ ಕೊನೆಯ ದಿನ. ಕೆಲಸ ಬೇಡವೆಂದಲ್ಲ. ಒಂದು ಗಂಟೆಯ ಪಾಠದಲ್ಲಿ ಎರಡು ಸಲ ಹೊರಗೆ ಓಡುವ ಮೇಡಂ ಅನ್ನು ಹುಡುಗರು ಸುಮ್ಮನೆ ಬಿಡುತ್ತಾರೆಯೇ?

ಬೆಳಿಗ್ಗೆ ಕೊನೆಗೂ ಡಾಕ್ಟರ ಹತ್ತಿರ ಹೋದೆ. ಬಾಯಿಬಿಟ್ಟು ಹೇಳಲಾರೆನೆಂದು ನಿನ್ನೆಯೇ ಎರಡು ಪುಟ ಬರೆದಿಟ್ಟುಕೊಂಡಿದ್ದೆ. ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ಚೆನ್ನಾಗಿ ಬರ್ದಿದ್ದೀಯಮ್ಮ. ಬಸ್ ಹತ್ತೋಕೆ ಭಯ, ಸಿನಿಮಾಕ್ಕೆ ಹೋಗಲ್ಲ, ನೀರು ಕುಡಿಯಲ್ಲ. ಎಲ್ಲಾ ಇದೆ, ಕಾಯಿಲೆ ಒಂದನ್ನ ಬಿಟ್ಟು."

ನಿಜ. ಆ ಪದವನ್ನು ಒಂದು ಸಲವೂ ಬರೆದಿರಲಿಲ್ಲ. ಮೇಜಿನ ಗಾಜಿನ ಕೆಳಗಿದ್ದ ಹಳೆಯ ಕ್ಯಾಲೆಂಡರ್ ನೋಡುತ್ತ ಹೇಳಿದೆ: "ಉಚ್ಚೆ ಬಂತು ಅಂದ್ರೆ ತಡ್ಕೊಳೋಕೆ ಆಗಲ್ಲ ಡಾಕ್ಟ್ರೇ. ಒಂದೆರಡು ಸಲ ದಾರೀಲೇ ಆಗೋಯ್ತು."

ಅವರು ತಲೆಯಾಡಿಸಿದರು; ಜ್ವರ ಎಂದಿದ್ದರೂ ಹಾಗೆಯೇ ಆಡಿಸುತ್ತಿದ್ದರು.

"ಎಷ್ಟು ದಿನದಿಂದ?"

"ಮೂರು ವರ್ಷ."

"ಅಷ್ಟು ದಿನ ಒಬ್ಳೇ ಒದ್ದಾಡಿದ್ಯಾ? ಇಂಥವರು ದಿನಾ ಬರ್ತಾರೆ ನನ್ನ ಹತ್ರ."

ಮೂತ್ರ ಪರೀಕ್ಷೆಗೆ ಬರೆದುಕೊಟ್ಟರು. ಕಾಫಿ ಕಡಿಮೆ ಮಾಡು, ನೀರು ಕುಡಿಯುವುದನ್ನು ಬಿಡಬೇಡ, ಅವಸರವಾದ ಕೂಡಲೇ ಓಡದೆ ಐದು ನಿಮಿಷ ತಡೆದು ನೋಡು, ಹೋದ ಹೊತ್ತನ್ನೆಲ್ಲ ಗುರುತು ಹಾಕಿಡು ಎಂದರು. "ಹೇಗಿದ್ರೂ ಬರೆಯೋಳಲ್ವಾ ನೀನು."

ಹೇಳಿದರೆ ಎದುರಿನವರ ಮುಖ ಹೇಗಾಗುತ್ತದೋ ಎಂದು ಮೂರು ವರ್ಷ ಹೆದರಿದ್ದೆ. ಆ ಮುಖ ಇವತ್ತು ಕಾಣಿಸಲೇ ಇಲ್ಲ. ಅದನ್ನೇ ಸಂಜೆಯಿಂದ ಯೋಚಿಸುತ್ತಿದ್ದೇನೆ.

ಇಗೋ, ಬಂತು. ಹತ್ತೂ ಇಪ್ಪತ್ತು. ಇನ್ನು ಐದು ನಿಮಿಷ ತಡೆಯಬೇಕು. ಅಷ್ಟರಲ್ಲಿ ಕಾಲೇಜಿಗೆ ಒಪ್ಪಿಗೆ ಬರೆದುಬಿಡಬಹುದು, ಈ ಸಲ ಸುತ್ತಿ ಬಳಸದೆ, ಒಂದೇ ಸಾಲಿನಲ್ಲಿ...